ಮುಚ್ಚಲೊಲ್ಲದ ವಾಲ್ವ್

ವಾಷಿಂಗ್ ಮಷೀನು ನೀರು ತುಂಬಿಸಿಕೊಳ್ಳೋಕೆ ಶುರು ಮಾಡುವಾಗ 'ಟಕ್' ಅಂತ ಸದ್ದು ಬರುತ್ತಲ್ಲ, ಅದು ಸೊಲೆನಾಯ್ಡ್ ವಾಲ್ವ್. ತಂತಿಯ ಸುರುಳಿ, ಅದರೊಳಗೆ ಕಬ್ಬಿಣದ ಪುಟ್ಟ ಕಡ್ಡಿ, ಕಡ್ಡಿಯನ್ನು ಅದುಮಿ ಹಿಡಿದ ಸ್ಪ್ರಿಂಗು. ಕರೆಂಟು ಹರಿದರೆ ಸುರುಳಿ ಅಯಸ್ಕಾಂತವಾಗಿ ಕಡ್ಡಿಯನ್ನು ಎಳೆಯುತ್ತೆ, ದಾರಿ ತೆರೆಯುತ್ತೆ. ಕರೆಂಟು ಹೋದರೆ ಸ್ಪ್ರಿಂಗು ಮುಚ್ಚುತ್ತೆ. (ಸೊಲೆನಾಯ್ಡ್ ಅಂತ ಹೆಸರಿಟ್ಟವನು ಫ್ರಾನ್ಸಿನ ಆಂಪೇರ್, 1820ರ ದಶಕದಲ್ಲಿ, ಗ್ರೀಕಿನ 'ಕೊಳವೆ'ಯಿಂದ.)

ಸರಿ, ಕರೆಂಟೇ ಹೋಗದಿದ್ದರೆ?

1966ರ ಮಾರ್ಚ್ 16. ಜೆಮಿನಿ 8ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್. ಅಜೀನಾ ಎಂಬ ಇನ್ನೊಂದು ನೌಕೆಗೆ ಜೋಡಿಸಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ, ಜೋಡಿ ತಿರುಗತೊಡಗಿತು. ಬಾಹ್ಯಾಕಾಶದ ಮೊಟ್ಟಮೊದಲ ಡಾಕಿಂಗ್ ಬೇರೆ! ತಪ್ಪು ಅಜೀನಾದ್ದು ಅಂದುಕೊಂಡು ಬಿಡಿಸಿಕೊಂಡರು. ತಿರುಗೋದು ಇನ್ನೂ ಜೋರಾಯ್ತು, ಸೆಕೆಂಡಿಗೆ ಸುಮಾರು ಒಂದು ಸುತ್ತು. ಕಣ್ಣು ಮಂಜಾಗತೊಡಗಿತ್ತು, ಇನ್ನು ಸ್ವಲ್ಪ ಹೊತ್ತಾದರೆ ಪ್ರಜ್ಞೆಯೂ ತಪ್ಪಬಹುದಿತ್ತು. ಆರ್ಮ್‌ಸ್ಟ್ರಾಂಗ್ ಆ ಥ್ರಸ್ಟರ್ ವ್ಯವಸ್ಥೆಯನ್ನೇ ಬಂದ್ ಮಾಡಿ, ಭೂಮಿಗೆ ಮರಳೋದಕ್ಕೆ ಅಂತ ಇಟ್ಟಿದ್ದ ಥ್ರಸ್ಟರುಗಳಿಂದ ನೌಕೆಯನ್ನು ಹತೋಟಿಗೆ ತಂದರು. ನನಗಂತೂ ಚಂದ್ರನ ಹೆಜ್ಜೆಗಿಂತ ಈ ಗಳಿಗೆಯೇ ದೊಡ್ಡದು ಅನ್ನಿಸುತ್ತೆ.

ಆಮೇಲೆ ಒಂದೊಂದೇ ಥ್ರಸ್ಟರನ್ನು ಹಚ್ಚಿ ನೋಡಿದಾಗ ಎಂಟನೆಯದು ಸಿಕ್ಕಿಬಿತ್ತು. ಬಹುಶಃ ಶಾರ್ಟ್ ಸರ್ಕ್ಯೂಟ್. 'ನಿಲ್ಲು' ಅಂದರೂ ಅದರ ವಾಲ್ವಿಗೆ ಕರೆಂಟು ಹೋಗ್ತಾನೇ ಇತ್ತು. ಮರಳುವ ಥ್ರಸ್ಟರುಗಳನ್ನು ಮುಟ್ಟಿದ ಮೇಲೆ ವಾಪಸ್ ಬರಲೇಬೇಕು ಅನ್ನೋದು ನಿಯಮ. ಮೂರು ದಿನದ ಯಾನ ಹನ್ನೊಂದು ಗಂಟೆಯೊಳಗೆ ಪೆಸಿಫಿಕ್‌ನಲ್ಲಿ ಮುಗಿಯಿತು. ಸ್ಕಾಟ್ ಮಾಡಬೇಕಿದ್ದ ಬಾಹ್ಯಾಕಾಶ ನಡಿಗೆ ನಡೆಯಲೇ ಇಲ್ಲ.

ಅದಾದ ಮೇಲೆ ಪ್ರತಿ ಥ್ರಸ್ಟರಿಗೂ ಪ್ರತ್ಯೇಕ ಸರ್ಕ್ಯೂಟ್ ಕೊಟ್ಟರು.