ಎರಡು ಸರಿ ಉತ್ತರಗಳ ಪ್ರಶ್ನೆ (ಇಂಗ್ಲಿಷ್ ಪರೀಕ್ಷೆಗಳ ಕಥೆ, ಭಾಗ 4)

ಓಇಟಿಗೆ ಓದುತ್ತಿರುವ ತಂಗಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ಅಕ್ಕಾ, ರೀಡಿಂಗ್‌ನಲ್ಲಿ ಎರಡು ಆಪ್ಷನ್ನೂ ಸರಿ ಅನ್ನಿಸುತ್ತೆ, ತಪ್ಪು ನಂದಾ, ಪ್ರಶ್ನೇದಾ?" ಸಾಮಾನ್ಯವಾಗಿ ನಮ್ಮದೇ. ಆದರೆ ಪ್ರಶ್ನೆಯದೂ ಆಗಬಹುದು ಅನ್ನುವುದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ.

1913ರಲ್ಲಿ ಕೇಂಬ್ರಿಡ್ಜ್‌ನವರು ವಿದೇಶಿಯರಿಗೆ ಮೊದಲ ಸಲ ಇಂಗ್ಲಿಷ್ ಪ್ರೊಫಿಷಿಯೆನ್ಸಿ ಪರೀಕ್ಷೆ ಇಟ್ಟಾಗ ಟಿಕ್ ಹಾಕುವ ಪ್ರಶ್ನೆಗಳೇ ಇರಲಿಲ್ಲ. ಅನುವಾದ, ಪ್ರಬಂಧ, ಉಕ್ತಲೇಖನ, ಮಾತುಕತೆ ಇದ್ದವು. ಬರೆದವರು ಮೂವರು, ಮೂವರೂ ಫೇಲು!

ಬಹು ಆಯ್ಕೆಯ ಪ್ರಶ್ನೆ ಬಂದದ್ದು ಅಮೆರಿಕದ ಕನ್ಸಾಸ್‌ನಿಂದ. ಒಂದೇ ಉತ್ತರಕ್ಕೆ ಒಬ್ಬೊಬ್ಬ ಮೇಷ್ಟ್ರು ಒಂದೊಂದು ಅಂಕ ಕೊಡುವುದನ್ನು ತಪ್ಪಿಸಲು ಫ್ರೆಡರಿಕ್ ಕೆಲ್ಲಿ ಎಂಬುವರು 1915ರ ಹೊತ್ತಿಗೆ ಒಂದು ಓದಿನ ಪರೀಕ್ಷೆ ರೂಪಿಸಿದರು. ಹಸು, ಹುಲಿ, ಇಲಿ, ತೋಳ ಇವುಗಳಲ್ಲಿ ಹೊಲಮನೆಗೆ ಉಪಯೋಗದ್ದು ಯಾವುದು ಎನ್ನುವಂಥ ಪ್ರಶ್ನೆಗಳು. ಪ್ರಶ್ನೆಗೆ ಒಂದೇ ಅರ್ಥ ಇರಬೇಕು, ಉತ್ತರ ಪೂರ್ತಿ ಸರಿ ಇಲ್ಲವೇ ಪೂರ್ತಿ ತಪ್ಪು ಆಗಿರಬೇಕು ಎಂಬುದು ಅವರ ಷರತ್ತು. 1938ರಲ್ಲಿ ಪೆನ್ಸಿಲ್ ಗುರುತು ಓದಿ ಅಂಕ ಹಾಕುವ ಐಬಿಎಂ ಮೆಷಿನ್ ಬಂತು. 1964ರಲ್ಲಿ ಶುರುವಾದ ಟೋಫೆಲ್ ಇದೇ ಮಾದರಿಯನ್ನು ಹಿಡಿಯಿತು. ಮೇಷ್ಟ್ರ ಮರ್ಜಿ ಹೋಯಿತು, ಒಳ್ಳೆಯದೇ. ಆದರೆ ಕೆಲ್ಲಿಯ ಷರತ್ತನ್ನು ಪ್ರಶ್ನೆಪತ್ರಿಕೆ ಮಾಡಿದವರೇ ಮುರಿದರೆ?

2014ರ ನವೆಂಬರ್ 13, ದಕ್ಷಿಣ ಕೊರಿಯಾ. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಲಿಸನಿಂಗ್ ಹೊತ್ತಿಗೆ ವಿಮಾನಗಳು ಕೂಡ ಇಳಿಯುವುದಿಲ್ಲ, ಏರುವುದಿಲ್ಲ. ಆ ವರ್ಷ ಇಂಗ್ಲಿಷ್ ಎಷ್ಟು ಸುಲಭವಾಗಿತ್ತೆಂದರೆ 100ಕ್ಕೆ 98 ಬಂದರಷ್ಟೇ ಮೊದಲ ಗ್ರೇಡ್.

25ನೇ ಪ್ರಶ್ನೆ ಒಂದು ಗ್ರಾಫ್. ಹದಿಹರೆಯದವರು ಸೋಷಿಯಲ್ ಮೀಡಿಯಾದಲ್ಲಿ ಯಾವ ಯಾವ ವೈಯಕ್ತಿಕ ಮಾಹಿತಿ ಹಾಕುತ್ತಾರೆ ಎಂಬುದರ ಬಗ್ಗೆ. ಗ್ರಾಫಿಗೆ ಹೊಂದದ ವಾಕ್ಯ ಯಾವುದು ಎಂದು ಕೇಳಿದ್ದರು. ಕೀ ಉತ್ತರ 4. ಆದರೆ 5ನೇ ವಾಕ್ಯದಲ್ಲಿ, ಮೊಬೈಲ್ ನಂಬರ್ ಹಾಕಿದವರು 2006ಕ್ಕಿಂತ 2012ರಲ್ಲಿ 18 ಪರ್ಸೆಂಟ್ ಹೆಚ್ಚಾದರು ಎಂದಿತ್ತು. ಗ್ರಾಫಿನಲ್ಲಿ ಇದ್ದದ್ದು ಶೇ 2ರಿಂದ ಶೇ 20ಕ್ಕೆ ಏರಿಕೆ. ಅಂದರೆ 18 ಪರ್ಸೆಂಟೇಜ್ ಪಾಯಿಂಟ್. ಪರ್ಸೆಂಟ್ ಲೆಕ್ಕದಲ್ಲಾದರೆ ಅದು 900! ಹಾಗಾಗಿ 5ನೆಯದೂ ತಪ್ಪು ವಾಕ್ಯವೇ.

ನಮ್ಮ ವಾರ್ಡಿಗೆ ಇದು ಹೊಸದಲ್ಲ. ಇನ್ಫೆಕ್ಷನ್ ಶೇ 2ರಿಂದ ಶೇ 4 ಆಯಿತು ಅಂದರೆ "ಬರೀ 2 ಜಾಸ್ತಿ" ಅನ್ನಬಹುದು, "ದುಪ್ಪಟ್ಟಾಯಿತು" ಅಂತಲೂ ಅನ್ನಬಹುದು. ಹೆಚ್ಚು ಜಾಗ್ರತೆಯಿಂದ ಓದಿದ ಮಕ್ಕಳೇ ಆ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿರಬೇಕು.

ನಮ್ಮ ಸಿಇಟಿಯಂತೆ ಅಲ್ಲೂ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ನವೆಂಬರ್ 24ಕ್ಕೆ ಎರಡೂ ಉತ್ತರ ಸರಿ ಎಂದು ಒಪ್ಪಿಕೊಂಡರು. ಪರೀಕ್ಷಾ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಇಷ್ಟು ಬೇಗ ಒಪ್ಪಿದ್ದಕ್ಕೆ ಹಿನ್ನೆಲೆ ಇತ್ತು. ಅದರ ಹಿಂದಿನ ವರ್ಷ ಭೂಗೋಳದ ಒಂದು ತಪ್ಪು ಪ್ರಶ್ನೆಯನ್ನು ಅದೇ ಸಂಸ್ಥೆ ಸರಿ ಎಂದೇ ವಾದಿಸಿತ್ತು. ಮಕ್ಕಳು ಕೋರ್ಟ್ ಹತ್ತಿದರು. 2014ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಪ್ರಶ್ನೆಯೇ ತಪ್ಪು ಎನ್ನುವಷ್ಟರಲ್ಲಿ ಅವರ ಒಂದು ಪ್ರವೇಶದ ಹಂಗಾಮು ಕಳೆದೇ ಹೋಗಿತ್ತು.

ಈಗ ನಮ್ಮ ವಿಷಯ. ಓಇಟಿ ರೀಡಿಂಗ್‌ನ 42 ಪ್ರಶ್ನೆಗಳಲ್ಲಿ 22 ಬಹು ಆಯ್ಕೆಯವು. ಪ್ರಶ್ನೆಪತ್ರಿಕೆ ಹೊರಗೆ ತರುವಂತಿಲ್ಲ, ಕೀ ಉತ್ತರವೂ ಸಿಗುವುದಿಲ್ಲ. ಕೊರಿಯಾದಲ್ಲಿ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಪ್ರಕಟವಾಗಿದ್ದವು, ಅದಕ್ಕೇ ಮಕ್ಕಳಿಗೆ ವಾದಿಸಲು ಆಯಿತು. ನಮ್ಮಲ್ಲಿ ಒಂದೆರಡು ಅಂಕಕ್ಕೆ ಬಿ ಗ್ರೇಡ್ ತಪ್ಪಿದರೆ ಮತ್ತೆ ಫೀಸು, ಮತ್ತೆ ಕಾಯುವುದು. ಊರಲ್ಲಿ ಸಾಲ ಮಾಡಿ ಬರೆಯುವವರಿಗೆ ಅದು ಸಣ್ಣ ಮಾತಲ್ಲ. ಬಳಸಿದ ಪ್ರಶ್ನೆಗಳನ್ನು ಮುಂದೆ ಯಾವಾಗಲಾದರೂ ಪ್ರಕಟಿಸಿ ಅಂತ ನಮ್ಮ ನರ್ಸ್ ಸಂಘಗಳು ಕೇಳಬಹುದಲ್ಲ?

ಅಲ್ಲಿಯವರೆಗೆ ತಂಗಿಯರೇ, ಎರಡೂ ಸರಿ ಅನ್ನಿಸಿದರೆ ಪ್ಯಾಸೇಜಿನ ಸಾಲಿಗೆ ವಾಪಸ್ ಹೋಗಿ, ಅಂಕಿ ಮತ್ತು ಅದರ ಪಕ್ಕದ ಪದ ಎರಡನ್ನೂ ಓದಿ. ಆಮೇಲೂ ತೀರ್ಮಾನ ಆಗದಿದ್ದರೆ ಒಂದಕ್ಕೆ ಟಿಕ್ ಹಾಕಿ ಮುಂದೆ ಹೋಗಿ. ಆ ಒಂದು ಪ್ರಶ್ನೆಗಾಗಿ ಉಳಿದವನ್ನು ಬಿಟ್ಟು ಕೂರಬೇಡಿ.

ಮುಂದಿನ ಭಾಗ: ಓಇಟಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕಥೆ.