ಬೆರಳು ಮರಗಟ್ಟುವ ರಾತ್ರಿಗಳಲ್ಲಿ ಆಕಾಶದ ಫೋಟೋ ತೆಗೆದವರು

2019ರ ಜನವರಿ ಕೊನೆಯಲ್ಲಿ ನಾರ್ವೆಯ ಆಲ್ಟಾ ಎಂಬ ಊರಿಗೆ ಹೋಗಿದ್ದೆವು. ಎಲ್‌ಎಫ್‌ಸಿ ಪ್ರವಾಸ ಅಲ್ಲ, ಸ್ವಂತ ದುಡ್ಡಿನದು. ಹಾಗಾಗಿ ಆಕಾಶದಲ್ಲಿ ಏನಾದರೂ ಕಾಣಲೇಬೇಕು ಎಂಬ ಹಟ ಸ್ವಲ್ಪ ಜಾಸ್ತಿಯೇ ಇತ್ತು. ಮೂರನೇ ರಾತ್ರಿ ಕಂಡಿತು. ಹೊರಗೆ ಮೈನಸ್ 19 ಡಿಗ್ರಿ. ಟ್ರೈಪಾಡ್ ನಿಲ್ಲಿಸಿ, ಕೈಗವಸು ಬಿಚ್ಚಿ, ಕ್ಯಾಮೆರಾದ ಗುಂಡಿಗಳನ್ನು ತಡಕಾಡಿ ನಾಲ್ಕು ಫೋಟೋ ತೆಗೆಯುವಷ್ಟರಲ್ಲಿ ತುಂಬಿದ್ದ ಬ್ಯಾಟರಿ ಖಾಲಿ ಅಂತ ತೋರಿಸಿ ಕಣ್ಣು ಮುಚ್ಚಿತು. ಎರಡನೇ ಬ್ಯಾಟರಿಯನ್ನು ಒಳಗಿನ ಕಿಸೆಯಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು ಎಂದು ಮಗಳು ಹೇಳಿದ್ದಳು, ನಾನು ಬ್ಯಾಗಿನಲ್ಲಿ ಇಟ್ಟಿದ್ದೆ. ಅದೂ ಸತ್ತಿತ್ತು. ಬೆರಳುಗಳಂತೂ ನನ್ನವಲ್ಲ ಅನ್ನಿಸುತ್ತಿತ್ತು. "ಸಾಕು ಮಾರಾಯ್ರೆ, ಒಳಗೆ ಬನ್ನಿ" ಎಂದು ಮನೆಯವಳು ಕಾರಿನೊಳಗಿಂದ ಕೂಗಿದಳು.

ಮಾರನೇ ದಿನ ಊರು ಸುತ್ತುವಾಗ ಗೊತ್ತಾಯಿತು, ನಾನು ನಿಂತಿದ್ದ ಜಾಗ ಸಾಮಾನ್ಯದ್ದಲ್ಲ ಅಂತ. ಆಲ್ಟಾದ ಒಂದು ಭಾಗಕ್ಕೆ ಬೊಸೆಕೊಪ್ ಅನ್ನುತ್ತಾರೆ. ಧ್ರುವಪ್ರಭೆಯ, ಅಂದರೆ ಅರೋರಾದ, ಮೊಟ್ಟಮೊದಲ ಫೋಟೋ ತೆಗೆದದ್ದು ಅಲ್ಲೇ. ಮುಂಬಯಿಗೆ ಬಂದ ಮೇಲೆ ಇದರ ಬೆನ್ನು ಹತ್ತಿದೆ. ಹುಡುಕಿದಷ್ಟೂ ಕಥೆ ಬಿಚ್ಚಿಕೊಳ್ಳುತ್ತಾ ಹೋಯಿತು. ಕೊನೆಗೆ ಅದು ನಮ್ಮ ಕೊಲಾಬಾಕ್ಕೂ ಬಂದು ಮುಟ್ಟಿತು.

ಮೊದಲು ಸೋತವನ ಕಥೆ. ಸೋಫುಸ್ ಟ್ರಾಮ್‌ಹೋಲ್ಟ್ ಎಂಬ ಡೆನ್ಮಾರ್ಕಿನ ಮೇಷ್ಟ್ರು, ನಾರ್ವೆಯ ಬರ್ಗೆನ್‌ನಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಧ್ರುವಪ್ರಭೆಯ ಹುಚ್ಚು. 1882-83ರಲ್ಲಿ ಹಲವು ದೇಶಗಳು ಸೇರಿ ಮೊದಲನೆಯ ಅಂತಾರಾಷ್ಟ್ರೀಯ ಧ್ರುವ ವರ್ಷ ಆಚರಿಸಿದವು. ಆ ಚಳಿಗಾಲ ಆತ ಆಲ್ಟಾದಿಂದ ಒಳನಾಡಿಗೆ, ಕೌಟೊಕೈನೊ ಎಂಬ ಹಳ್ಳಿಗೆ ಹೋಗಿ ಕೂತ. ಸಮುದ್ರ ಹತ್ತಿರವಿರುವ ಆಲ್ಟಾದ ಚಳಿ ಕೌಟೊಕೈನೊದ ಮುಂದೆ ಏನೂ ಅಲ್ಲ, ಅಲ್ಲಿ ಮೈನಸ್ 40 ಆಗುವುದೂ ಉಂಟು. ಹಿಮಸಾರಂಗ ಸಾಕುವ ಸಾಮಿ ಜನರ ಊರು. ಒಳ್ಳೆಯ ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು ಹೋಗಿದ್ದ. ರಾತ್ರಿ ಕಣ್ಣು ಕೋರೈಸುವಷ್ಟು ಬೆಳಕು ತಲೆಯ ಮೇಲೆ ಕುಣಿಯುತ್ತಿದ್ದರೆ ಕ್ಯಾಮೆರಾವನ್ನು ನಿಮಿಷಗಟ್ಟಲೆ ತೆರೆದಿಟ್ಟು ಕಾಯುತ್ತಿದ್ದ. ಪ್ಲೇಟ್ ತೊಳೆದು ನೋಡಿದರೆ ಏನೂ ಇಲ್ಲ. ಒಂದು ಗೆರೆಯೂ ಇಲ್ಲ!

ಕಾರಣ ಈಗ ನಮಗೆ ಗೊತ್ತು. ಧ್ರುವಪ್ರಭೆಯಲ್ಲಿ ನಮ್ಮ ಕಣ್ಣಿಗೆ ಮುಖ್ಯವಾಗಿ ಕಾಣುವುದು ಆಮ್ಲಜನಕದಿಂದ ಬರುವ ಹಸಿರು. ಆ ಕಾಲದ ಸಾಮಾನ್ಯ ಪ್ಲೇಟುಗಳಿಗೆ ಹಸಿರು ಕಾಣುತ್ತಲೇ ಇರಲಿಲ್ಲ, ನೀಲಿ-ನೇರಳೆ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಪ್ಲೇಟೂ ನಿಧಾನ, ಲೆನ್ಸೂ ನಿಧಾನ. ಬೆಳಕೋ, ಒಂದು ಕಡೆ ನಿಲ್ಲುವ ಜಾತಿಯದಲ್ಲ. ಟ್ರಾಮ್‌ಹೋಲ್ಟ್ ಕ್ಯಾಮೆರಾ ಬಿಟ್ಟು ಪೆನ್ಸಿಲ್ ಹಿಡಿದ, ನೋಡಿದ್ದನ್ನು ಚಿತ್ರ ಬರೆದ.

ಆದರೆ ತಂದ ಪ್ಲೇಟು ವ್ಯರ್ಥವಾಗಲಿಲ್ಲ. ಹಗಲು ಬೆಳಕು ಬಂದ ಮೇಲೆ ಅವನು ಆ ಹಳ್ಳಿಯ ಸಾಮಿ ಜನರನ್ನು ಕೂರಿಸಿ ಫೋಟೋ ತೆಗೆದ. ಆಗ ಇಂಥ ಜನರ ಫೋಟೋ ತೆಗೆಯುವವರು ತಲೆ-ಮೂಗಿನ ಅಳತೆಗೆ ತೆಗೆದ ಹಾಗೆ ತೆಗೆಯುತ್ತಿದ್ದರು, ಅಡಿಯಲ್ಲಿ ಜಾತಿಯ ಹೆಸರು ಮಾತ್ರ. ಇವನು ಒಬ್ಬೊಬ್ಬರ ಹೆಸರು ಬರೆದಿಟ್ಟ. ಆಕಾಶ ಹಿಡಿಯಲು ಹೋದವನಿಗೆ ಸಿಕ್ಕಿದ್ದು ಆ ಮುಖಗಳು. ಅವನ ಆ ಸಂಗ್ರಹ ಬರ್ಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, 2013ರಲ್ಲಿ ಯುನೆಸ್ಕೋದವರು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಫೋಟೋಗಳು ಅವೇ.

ಹತ್ತು ವರ್ಷದ ನಂತರ, 1892ರ ಚಳಿಗಾಲದಲ್ಲಿ, ಜರ್ಮನಿಯ ಮಾರ್ಟಿನ್ ಬ್ರೆಂಡೆಲ್ ಮತ್ತು ಒಟ್ಟೊ ಬಾಶಿನ್ ಬೊಸೆಕೊಪ್‌ಗೆ ಬಂದು ಕೊನೆಗೂ ಫೋಟೋ ತೆಗೆದರು. ಇಂದು ನೋಡಿದರೆ ಮಂಜು ಕವಿದ ಬಿಳಿ ಪರದೆ ಇದ್ದ ಹಾಗೆ ಇದೆ. ನನ್ನ ನಾಲ್ಕರಲ್ಲಿ ಅಲುಗಾಡಿದ ಮೂರಕ್ಕಿಂತ ಬಹಳ ಉತ್ತಮವೇನಲ್ಲ, ಆದರೆ ಮೊದಲನೆಯದು ಮೊದಲನೆಯದೇ.

ಫೋಟೋಗೆ ಇಷ್ಟೆಲ್ಲ ಒದ್ದಾಟ ಏಕೆ ಅಂತ ನೀವು ಕೇಳಬಹುದು. ಚಂದಕ್ಕಲ್ಲ. ಆಗ ಯಾರಿಗೂ ಬಗೆಹರಿಯದ ಒಂದು ಪ್ರಶ್ನೆ ಇತ್ತು: ಈ ಬೆಳಕು ಎಷ್ಟು ಎತ್ತರದಲ್ಲಿದೆ? ನೂರಾರು ಕಿಲೋಮೀಟರ್ ಮೇಲೆ ಅಂದವರಿದ್ದರು, ಬೆಟ್ಟದ ತುದಿಗೆ ತಾಗುತ್ತದೆ ಅಂದವರೂ ಇದ್ದರು. ಬೆಟ್ಟಕ್ಕೆ ತಾಗುವುದಾದರೆ ಅದು ಮಿಂಚು-ಮೋಡದ ಸಂಬಂಧದ್ದು. ಮೇಲೆಲ್ಲೋ ಇರುವುದಾದರೆ ಹೊರಗಿನಿಂದ ಬರುವುದು. ಕಣ್ಣಳತೆಯಲ್ಲಿ ಇಬ್ಬರು ಎರಡು ಕಡೆ ನಿಂತು ನೋಡಿದರೆ, ಇಬ್ಬರೂ ಅದೇ ತುಣುಕನ್ನು ನೋಡುತ್ತಿದ್ದಾರೆ ಎಂಬ ಖಾತ್ರಿ ಇಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ವೋಚರ್ ಇಲ್ಲದ ಎಂಟ್ರಿ.

ಬೆಟ್ಟ ಹತ್ತಿಯೇ ನೋಡೋಣ ಅಂತ ಹೊರಟವನು ಕ್ರಿಸ್ಟಿಯನ್ ಬಿರ್ಕೆಲಾಂಡ್. ಸೂರ್ಯನಿಂದ ಬರುವ ವಿದ್ಯುತ್ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವದ ಕಡೆಗೆ ಎಳೆಯುವುದರಿಂದ ಈ ಬೆಳಕು ಎಂದು 1896ರಲ್ಲೇ ಹೇಳಿದ್ದ. ಜಾಗ ನೋಡಲು ಆ ದಶಕದ ಕೊನೆಯಲ್ಲಿ ಚಳಿಗಾಲದಲ್ಲಿ ಹೋದಾಗ ಅವನ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಬ್ಯೋರ್ನ್ ಹೆಲ್ಲಾಂಡ್-ಹಾನ್ಸೆನ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ, ವೈದ್ಯಕೀಯ ಓದುತ್ತಿದ್ದವನು. ಆ ಚಳಿಗೆ ಅವನ ಬೆರಳುಗಳು ಹೋದವು. ಡಾಕ್ಟರಾಗುವ ಹುಡುಗನಿಗೆ ಬೆರಳೇ ಇಲ್ಲದಿದ್ದರೆ? ವೈದ್ಯಕೀಯ ಬಿಟ್ಟ, ಸಮುದ್ರ ವಿಜ್ಞಾನ ಹಿಡಿದ. 1909ರಲ್ಲಿ ನಾನ್ಸೆನ್ ಜೊತೆ ಸೇರಿ ನಾರ್ವೆ ಸಮುದ್ರದ ಮೇಲೆ ಬರೆದ ಗ್ರಂಥ ಆ ವಿದ್ಯೆಗೆ ಅಡಿಪಾಯ ಅನ್ನುತ್ತಾರೆ. ಆಮೇಲೆ ಬರ್ಗೆನ್‌ನ ಭೂಭೌತ ಸಂಸ್ಥೆಯ ಮುಖ್ಯಸ್ಥನಾದ. ಇದನ್ನು ಓದಿದಾಗ ನಾನು ಕೈ ಬಿಡಿಸಿ ಒಂದು ಸಲ ಬೆರಳು ಎಣಿಸಿಕೊಂಡೆ, ಸುಳ್ಳಲ್ಲ.

ಇಷ್ಟಾದರೂ ಬಿರ್ಕೆಲಾಂಡ್ ಬಿಡಲಿಲ್ಲ. ಸರ್ಕಾರದಿಂದ ದುಡ್ಡು ತಂದು 1899ರಲ್ಲಿ ಆಲ್ಟಾದ ಹತ್ತಿರ ಹಾಲ್ಡೆ ಎಂಬ ಬೆಟ್ಟದ ಮೇಲೆ, 900 ಮೀಟರಿಗೂ ಮೇಲೆ, ಕಲ್ಲಿನ ವೀಕ್ಷಣಾಲಯ ಕಟ್ಟಿಸಿದ. ಒಂದು ಚಳಿಗಾಲ ಪೂರ್ತಿ ಅಲ್ಲಿ ಕೂತರು. ಸಹಾಯಕನೊಬ್ಬ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡ. ಧ್ರುವಪ್ರಭೆ ಬೆಟ್ಟದ ತುದಿಗೆ ಇಳಿಯುವುದಿಲ್ಲ ಎಂಬುದು ಮಾತ್ರ ಗಟ್ಟಿಯಾಯಿತು.

ಈ ಬಿರ್ಕೆಲಾಂಡ್ ದುಡ್ಡಿಗಾಗಿ ಮಾಡದ ಸಾಹಸವಿಲ್ಲ. ವಿದ್ಯುತ್ ಕಾಂತದಿಂದ ಹಾರುವ ಫಿರಂಗಿ ಮಾಡಿ 1903ರಲ್ಲಿ ಗಣ್ಯರ ಮುಂದೆ ಪ್ರದರ್ಶನಕ್ಕಿಟ್ಟ, ಶಾರ್ಟ್ ಸರ್ಕ್ಯೂಟ್ ಆಗಿ ದೊಡ್ಡ ಸದ್ದು, ಬೆಂಕಿ, ಗಲಾಟೆ. ಫಿರಂಗಿ ಕೆಟ್ಟರೂ ಆ ಕಿಡಿಯ ಉಪಯೋಗ ಸಿಕ್ಕಿತು. ಸಾಮ್ ಐಡೆ ಎಂಬ ಎಂಜಿನಿಯರ್ ಜೊತೆ ಸೇರಿ ಗಾಳಿಯ ಸಾರಜನಕದಿಂದ ಗೊಬ್ಬರ ಮಾಡುವ ವಿಧಾನ ಕಂಡುಹಿಡಿದ, 1905ರಲ್ಲಿ ನೋರ್ಸ್ಕ್ ಹೈಡ್ರೋ ಕಂಪನಿ ಹುಟ್ಟಿತು. 1994ರಿಂದ 2017ರವರೆಗೆ ಹೊರಬಂದ ನಾರ್ವೆಯ 200 ಕ್ರೋನರ್ ನೋಟಿನ ಮೇಲೆ ಇವನದೇ ಮುಖ. ನೋಟು ಎಣಿಸಿಯೇ ಮೂವತ್ತು ವರ್ಷ ಕಳೆದ ನನಗೆ ಇದು ವಿಶೇಷ ಸಂತೋಷ ಕೊಟ್ಟಿತು. ವಿಜ್ಞಾನಿಯನ್ನು ನೋಟಿನ ಮೇಲೆ ಹಾಕುವ ದೇಶ!

ಎತ್ತರದ ಲೆಕ್ಕ ಮುಗಿಸಿದವನು ಮಾತ್ರ ಇನ್ನೊಬ್ಬ. ಕಾರ್ಲ್ ಸ್ಟೋರ್ಮರ್, ಗಣಿತದ ಪ್ರೊಫೆಸರ್. ಈತನ ಹಳೆಯ ಪ್ರತಾಪ ಕೇಳಿ. 1890ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಂಗಿಯೊಳಗೆ ಅಡಗಿಸಿಡುವ ಒಂದು ಪುಟ್ಟ ಕ್ಯಾಮೆರಾ ಕೊಂಡು, ಗುಂಡಿಯ ತೂತಿನಿಂದ ಲೆನ್ಸ್ ಹೊರಗೆ ಇಣುಕಿಸಿ, ಓಸ್ಲೋದ (ಆಗ ಕ್ರಿಸ್ಟಿಯಾನಿಯಾ) ಮುಖ್ಯ ಬೀದಿಯಲ್ಲಿ ಎದುರಿಗೆ ಬಂದವರಿಗೆ ಟೋಪಿ ಎತ್ತಿ ನಮಸ್ಕಾರ ಮಾಡುತ್ತಾ ಫೋಟೋ ಹೊಡೆಯುತ್ತಿದ್ದ. ನಾಟಕಕಾರ ಇಬ್ಸೆನ್ ಸಹಿತ ಸುಮಾರು 500 ಫೋಟೋಗಳು. ಒಬ್ಬ ಹುಡುಗಿಯನ್ನು ಮಾತಾಡಿಸಲು ಧೈರ್ಯ ಇಲ್ಲದೆ, ಅವಳ ಫೋಟೋ ಆದರೂ ಸಿಗಲಿ ಅಂತ ಶುರುವಾದ ಚಟವಂತೆ.

ಅದೇ ಮನುಷ್ಯ 1910ರ ಫೆಬ್ರವರಿ-ಮಾರ್ಚ್‌ನಲ್ಲಿ ಬೊಸೆಕೊಪ್‌ಗೆ ಬಂದ. ಓಲೆ ಕ್ರೋಗ್ನೆಸ್ ಎಂಬವನ ಜೊತೆ ಸೇರಿ ಹೊಸ ಕ್ಯಾಮೆರಾ ಮಾಡಿದ್ದ. ಸಿನಿಮಾಕ್ಕೆ ಬಳಸುವ ವೇಗದ ಲೆನ್ಸ್, ಒಂದೇ ಗಾಜಿನ ಪ್ಲೇಟಿನ ಮೇಲೆ ಪ್ಲೇಟನ್ನು ಸರಿಸಿ ಸರಿಸಿ ಆರು ಫೋಟೋ. ಇದರ ಬೆಲೆ ಆ ಚಳಿಯಲ್ಲಿ ನಿಂತವರಿಗೇ ಗೊತ್ತು: ಆರು ಸಲ ಕೈಗವಸು ಬಿಚ್ಚುವ ಕಡೆ ಒಂದೇ ಸಲ. ಚಳಿಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಉಸಿರು ಲೆನ್ಸಿನ ಮೇಲೆ ಬಿದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಶಟರಿಗೆ ಹಾಕಿದ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಎಲ್ಲ ಮುಗಿಸಿ ಕ್ಯಾಮೆರಾ ಬೆಚ್ಚಗಿನ ಮನೆಯೊಳಗೆ ತಂದರೆ, ಫ್ರಿಜ್‌ನಿಂದ ತೆಗೆದ ನೀರಿನ ಬಾಟ್ಲಿಯ ಹಾಗೆ ಮೈಯೆಲ್ಲ ಬೆವರುತ್ತದೆ.

ಉಪಾಯ ಸರಳ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಹಿಂದಿನ ಗೋಡೆಯ ಮುಂದೆ ಬೆರಳು ಜಾಗ ಬದಲಿಸುತ್ತದೆ. ಸ್ಟೋರ್ಮರ್ ಎರಡು ಕಣ್ಣಿನ ಬದಲು ಎರಡು ಕ್ಯಾಮೆರಾ ಇಟ್ಟ, 4.3 ಕಿಲೋಮೀಟರ್ ದೂರದಲ್ಲಿ. ನಡುವೆ ಟೆಲಿಫೋನ್ ತಂತಿ. ಇಬ್ಬರೂ ಮಾತಾಡಿಕೊಂಡು ಒಂದೇ ನಕ್ಷತ್ರಗುಂಪಿನ ಕಡೆ ಕ್ಯಾಮೆರಾ ತಿರುಗಿಸಿ, ಒಂದೇ ಕ್ಷಣಕ್ಕೆ ಶಟರ್ ತೆಗೆಯಬೇಕು. ಎರಡೂ ಫೋಟೋದಲ್ಲಿ ನಕ್ಷತ್ರ ಅಲ್ಲಲ್ಲೇ ಇರುತ್ತವೆ, ಬೆಳಕಿನ ಪರದೆ ಸರಿದಿರುತ್ತದೆ. ಎಷ್ಟು ಸರಿದಿದೆ ಎಂದು ಅಳೆದರೆ ತ್ರಿಕೋಣದ ಲೆಕ್ಕ, ಬಿಕಾಂ ಓದಿದವನಿಗೂ ತಿಳಿಯುವಂಥದ್ದು. ಹೆಚ್ಚಿನವುಗಳ ಕೆಳ ಅಂಚು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿದೆ ಎಂದು ಬಂತು. ಬೆಟ್ಟ-ಮೋಡದ ವಾದ ಅಲ್ಲಿಗೆ ಮುಗಿಯಿತು. ಆತ ನಂತರ ನಲವತ್ತು ವರ್ಷಕ್ಕೂ ಮೇಲೆ ಇದನ್ನೇ ಮಾಡಿದ, ಹತ್ತು ಸಾವಿರಕ್ಕೂ ಹೆಚ್ಚು ಬಿಂದುಗಳ ಎತ್ತರ ಅಳೆದ, 1955ರಲ್ಲಿ ಎಲ್ಲ ಸೇರಿಸಿ ಪುಸ್ತಕ ಮಾಡಿ 1957ರಲ್ಲಿ ತೀರಿಕೊಂಡ. ಕ್ರೋಗ್ನೆಸ್ 1912ರಿಂದ ಹಾಲ್ಡೆ ಬೆಟ್ಟದ ಮೇಲೇ ಹೆಂಡತಿ ಮಕ್ಕಳ ಜೊತೆ ಸಂಸಾರ ಹೂಡಿದ. ಟ್ರಾನ್ಸ್‌ಫರ್ ಆರ್ಡರ್ ಬಂದಾಗ ಗೊಣಗುವ ನಮ್ಮಂಥವರು ಆ ಮನೆಯವರನ್ನು ಒಮ್ಮೆ ನೆನೆಯಬೇಕು.

ಇನ್ನು ಕೊಲಾಬಾ. ಧ್ರುವಪ್ರಭೆ ಜೋರಾದಾಗ ಭೂಮಿಯ ಕಾಂತಕ್ಷೇತ್ರವೆಲ್ಲ ಅಲುಗುತ್ತದೆ, ಮುಂಬಯಿಯಲ್ಲೂ. ಕೊಲಾಬಾದ ವೀಕ್ಷಣಾಲಯದಲ್ಲಿ 1841ರಿಂದಲೇ ಸೂಜಿಯ ಅಲುಗಾಟ ಬರೆದಿಡುತ್ತಿದ್ದರು. 1859ರ ಸೆಪ್ಟೆಂಬರ್ 2ರ ಮಹಾ ಸೌರಬಿರುಗಾಳಿಯಲ್ಲಿ ಅಲ್ಲಿ ಸುಮಾರು 1600 ನ್ಯಾನೋಟೆಸ್ಲಾದಷ್ಟು ಇಳಿತ ದಾಖಲಾಗಿದೆ. ಆ ಬಿರುಗಾಳಿಯ ಬಲ ಎಷ್ಟಿತ್ತು ಎಂದು ಅಂದಾಜು ಮಾಡಲು ಇಂದಿಗೂ ಪ್ರಪಂಚದ ವಿಜ್ಞಾನಿಗಳು ತೆರೆಯುವುದು ನಮ್ಮ ಕೊಲಾಬಾದ ಲೆಡ್ಜರನ್ನೇ. 1872ರ ಫೆಬ್ರವರಿ 4ರ ರಾತ್ರಿಯಂತೂ ಮುಂಬಯಿಯಿಂದಲೇ ಧ್ರುವಪ್ರಭೆ ಕಂಡಿತೆಂದು ಆಗಿನ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು, ಸಮುದ್ರದಡಿಯ ತಂತಿಗಳಲ್ಲಿ ಸಂದೇಶವೂ ಅಸ್ತವ್ಯಸ್ತ. ಟ್ರಾಮ್‌ಹೋಲ್ಟ್ ಕೌಟೊಕೈನೊಗೆ ಹೋಗುವುದಕ್ಕೂ ಹತ್ತು ವರ್ಷ ಮೊದಲು! ಮುಂದೆ ನಗರಕ್ಕೆ ಕರೆಂಟಿನ ಟ್ರಾಮ್ ಬರುತ್ತದೆ, ಅದರಿಂದ ಸೂಜಿ ತಪ್ಪು ತೋರಿಸುತ್ತದೆ ಎಂದು ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕ ನಾನಾಭಾಯಿ ಮೂಸ್ 1904ರಲ್ಲಿ ಕಾಂತ ಮಾಪನವನ್ನು ಅಲಿಬಾಗ್‌ಗೆ ಸಾಗಿಸಿದರು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆ ಬೀಳಲಿ ಎಂದು ಸುಮಾರು ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದರಂತೆ. ಬ್ಯಾಂಕಿನಲ್ಲಿ ಕಂಪ್ಯೂಟರ್ ಬಂದ ಹೊಸದರಲ್ಲಿ ನಾವೂ ಹೀಗೇ ಕೈಲೆಡ್ಜರನ್ನೂ ಕಂಪ್ಯೂಟರನ್ನೂ ಜೊತೆಗೆ ನಡೆಸಿ ರಾತ್ರಿ ಒಂಬತ್ತರವರೆಗೆ ಟ್ಯಾಲಿ ಮಾಡಿದ್ದು ನೆನಪಾಯಿತು. ಅಲಿಬಾಗ್‌ಗೆ ಬೀಚಿಗಾಗಿ ಎಷ್ಟು ಸಲ ಹೋಗಿದ್ದೇನೋ, ಇದು ಗೊತ್ತಿರಲಿಲ್ಲ.

ನನ್ನ ನಾಲ್ಕು ಫೋಟೋಗಳಲ್ಲಿ ಸರಿಯಾಗಿ ಬಂದದ್ದು ಒಂದು, ಅದರಲ್ಲಿ ಆಕಾಶ ಕಡು ಹಸಿರು. "ನಾವು ನೋಡಿದಾಗ ಇಷ್ಟು ಹಸಿರು ಇರಲಿಲ್ಲವಲ್ಲ, ಬೂದಿ ಬಣ್ಣ ಇತ್ತು" ಎಂದು ಮನೆಯವಳ ತಕರಾರು. ನಿಜವೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಈಗಿನ ಕ್ಯಾಮೆರಾಕ್ಕೆ ಕಾಣುತ್ತದೆ. ಟ್ರಾಮ್‌ಹೋಲ್ಟನಿಗೆ ಆದದ್ದರ ಉಲ್ಟಾ. 2024ರ ಮೇ 10ರ ರಾತ್ರಿ ದೊಡ್ಡ ಸೌರಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯಲ್ಲೂ ಹೀಗೇ ಆಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿ ಇಟ್ಟಿರುವ ಕ್ಯಾಮೆರಾದಲ್ಲಿ ಉತ್ತರದ ದಿಗಂತದ ಮೇಲೆ ಕೆಂಪು ಬೆಳಕು ಮೂಡಿತ್ತು.

ಆ ಸುದ್ದಿ ಮರುದಿನ ಓದಿ, ರಾತ್ರಿ ಊಟ ಆದ ಮೇಲೆ ನಾನು ಬಾಲ್ಕನಿಗೆ ಹೋಗಿ ಉತ್ತರಕ್ಕೆ ನೋಡಿದೆ. ಮೂವತ್ತೊಂದು ಡಿಗ್ರಿ ಸೆಖೆ, ಎದುರಿನ ಟವರಿನ ಮೇಲೊಂದು ಕೆಂಪು ದೀಪ. ಒಳಗಿನಿಂದ ಕೇಳಿದಳು, "ಏನು ನೋಡ್ತಾ ಇದ್ದೀರಿ?" 1872ರಲ್ಲಿ ಇಲ್ಲಿಂದಲೇ ಕಂಡಿತ್ತಂತೆ ಮಾರಾಯ್ತಿ, ಅಂದೆ.