ಕಾಂತಾರದ ಹಾಡು, ಕಾರಂತರ ಕುಣಿತ

ಸಿನಿಮಾವೊಂದು ಜನರಿಗೆ ಹುಚ್ಚು ಹಿಡಿಸಿದ ಮೇಲೆ ಅದರ ಬಗ್ಗೆಯೇ ಸಾಕ್ಷ್ಯಚಿತ್ರಗಳು ಬರುವುದುಂಟು. ಯಾರು ಯಾರ ಮೇಲೆ ಕೇಸು ಹಾಕಿದರು, ಕೊನೆಗೆ ಯಾರಿಗೆ ಏನು ದಕ್ಕಿತು ಎಂಬ ಕಥೆ ಕೆಲವೊಮ್ಮೆ ಮೂಲ ಚಿತ್ರಕ್ಕಿಂತ ಸ್ವಾರಸ್ಯಕರವಾಗಿರುತ್ತದೆ. ನಮ್ಮ ಕುಂದಾಪುರ ಸೀಮೆಯ 'ಕಾಂತಾರ'ದ ಬಗ್ಗೆ ಯಾರಾದರೂ ಅಂಥದ್ದೊಂದನ್ನು ಮಾಡುವುದಾದರೆ ಕೆಮೆರಾವನ್ನು ಮೊದಲು ಎಲ್ಲಿಡಬೇಕು?

ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಎನ್ನುವವರೇ ಹೆಚ್ಚು. ರಿಷಭ್ ಶೆಟ್ಟಿ ತಮ್ಮ ಊರಿನಲ್ಲೇ ಚಿತ್ರೀಕರಿಸಿದ ಈ ಸಿನಿಮಾ 2022ರ ಸೆಪ್ಟೆಂಬರ್ 30ರಂದು ತೆರೆ ಕಂಡು, ತಿಂಗಳೊಳಗೆ ದೇಶದ ಮಾತಾಯಿತು. ಆದರೆ ಅದರ ಕೊನೆಯಲ್ಲಿ ಬರುವ 'ವರಾಹ ರೂಪಂ' ಹಾಡು ತಮ್ಮ 'ನವರಸಂ'ನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ರಾಗ ಒಂದೇ ಆದ್ದರಿಂದ ಹೋಲಿಕೆ ಕಾಣುತ್ತದೆ, ಇದು ನಕಲಲ್ಲ ಎಂಬುದು ಚಿತ್ರತಂಡದ ವಾದ. ಕೋಝಿಕ್ಕೋಡಿನ ನ್ಯಾಯಾಲಯ ಅಕ್ಟೋಬರ್ ಕೊನೆಯಲ್ಲಿ ಹಾಡಿಗೆ ತಡೆ ನೀಡಿತು. ನವೆಂಬರ್ 24ರಂದು ಚಿತ್ರ ಒಟಿಟಿಗೆ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಸಂಗೀತವಿತ್ತು. ಕೆಲವೇ ದಿನಗಳಲ್ಲಿ ಹಳೆಯ ಹಾಡು ಮರಳಿತು. ಪೊಲೀಸ್ ಪ್ರಕರಣದಲ್ಲಿ ನಿರೀಕ್ಷಣಾ ಜಾಮೀನು ಕೊಡುವಾಗ ಕೇರಳ ಹೈಕೋರ್ಟ್ ಹಾಡಿನ ಮೇಲೆ ಹಾಕಿದ ಷರತ್ತನ್ನು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು.

ಈ ಕರಾವಳಿಯ ಕಲೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಇದೇ ಮೊದಲಲ್ಲ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಬಡಗುತಿಟ್ಟಿನ ಯಕ್ಷಗಾನವನ್ನು ತಿದ್ದಿ ತೀಡಿ, ಮಾತನ್ನು ಬಿಟ್ಟು, ನೃತ್ಯರೂಪಕವಾಗಿ ಕಟ್ಟಿದರು. ಅವರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಿದಾಗ, ಕಾರಂತರು 1994ರ ಉಯಿಲಿನಲ್ಲಿ ಹಕ್ಕು ಬರೆದುಕೊಟ್ಟಿದ್ದ ಅವರ ಸಹಾಯಕಿ ಮಾಲಿನಿ ಮಲ್ಯ ದಾವೆ ಹೂಡಿದರು. ಉಡುಪಿಯಲ್ಲಿ ಶುರುವಾದ ಆ ವ್ಯಾಜ್ಯ 2009ರ ಜನವರಿಯಲ್ಲಿ ದಿಲ್ಲಿಯಲ್ಲಿ ಮುಗಿಯಿತು. ಅವರ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಕಾಯ್ದೆಯ 52ನೇ ಕಲಮು ಕೊಡುವ ವಿನಾಯಿತಿಗಳಿಗೆ ತಡೆಯಾಜ್ಞೆ ಅಡ್ಡಿಯಾಗದು ಎಂದೂ ಹೇಳಿತು. ಟಿಕೆಟಿಲ್ಲದ ಪ್ರೇಕ್ಷಕರೆದುರು ಹವ್ಯಾಸಿ ತಂಡ ಆಡುವುದು ಅಂಥ ಒಂದು ವಿನಾಯಿತಿ.

ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಾರಂತರ ಕೃತಿಗಳ ಮಟ್ಟಿಗೆ ಅದು 2057ರ ಕೊನೆಯವರೆಗೆ. ಸಂಗೀತಗಾರನಿಗೂ ನಿರ್ಮಾಪಕನಿಗೂ ಹೀಗೆ ಕಾಲಾವಧಿ ಉಂಟು. ಯಾಕೆಂದರೆ ಅಲ್ಲಿ ಹೆಸರಿದೆ, ತಾರೀಕಿದೆ, ಕಾಗದವಿದೆ.

ಆದರೆ ಕಾರಂತರಿಗೆ ಹೆಜ್ಜೆ ತೋರಿಸಿದ ವೇಷಧಾರಿಗಳು, ಹಾಡಿ ಕೇಳಿಸಿದ ಭಾಗವತರು, ಕೋಲದ ರಾತ್ರಿ ಕೆಂಡದ ಮುಂದೆ ನಿಲ್ಲುವ ಪಾಣಾರರು, ಇವರ ಹೆಸರಿನಲ್ಲಿ ಯಾವ ಕಾಗದ ಇದೆ? ಪಾಡ್ದನಕ್ಕೆ ಕರ್ತೃವಿಲ್ಲ, ಹಾಗಾಗಿ ವಾರಸುದಾರನೂ ಇಲ್ಲ. 'ಕಾಂತಾರ' ಗೆದ್ದ ತಿಂಗಳಲ್ಲೇ 60 ದಾಟಿದ ದೈವನರ್ತಕರಿಗೆ ಮಾಸಿಕ 2,000 ರೂಪಾಯಿ ಭತ್ಯೆಯ ಘೋಷಣೆಯಾಯಿತು. ಅದು ಒಳ್ಳೆಯದೇ. ಆದರೆ ಭತ್ಯೆ ಬೇರೆ, ಹಕ್ಕು ಬೇರೆ.

ಕೆಮೆರಾವನ್ನು ನಾನಾದರೆ ಕುಂದಾಪುರದ ಬೊಬ್ಬರ್ಯನಕಟ್ಟೆಯಲ್ಲಿ ಇಡುತ್ತಿದ್ದೆ. ಪಾಡ್ದನದ ಪ್ರಕಾರ ಬೊಬ್ಬರ್ಯ ಕಡಲ ವ್ಯಾಪಾರ ಮಾಡುತ್ತಿದ್ದ ಮುಸ್ಲಿಂ ತಂದೆಯ ಮಗ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಕಡಲ ತಡಿಯ ಮೊಗವೀರರಿಗೆ ಅವನು ಕಡಲು ಕಾಯುವ ದೈವ. ದೈವವೆಂದು ನಂಬುವುದು ನನ್ನ ದಾರಿಯಲ್ಲ. ಆದರೆ ಒಂದು ಜನರ ಮಗನನ್ನು ಇನ್ನೊಂದು ಜನ ತಲೆಮಾರುಗಳಿಂದ ತಮ್ಮವನೆಂದು ಕಾಪಾಡಿಕೊಂಡು ಬಂದ ಈ ಕಥೆ ಯಾರ ಆಸ್ತಿ ಎಂದು ಯಾವ ಕೋರ್ಟೂ ಬರೆದುಕೊಡಲಾರದು. 'ಇದು ನಮ್ಮದು ಮಾತ್ರ' ಎಂದು ಎಲ್ಲದಕ್ಕೂ ಬೇಲಿ ಹಾಕುವವರು ಆ ಕಟ್ಟೆಯ ಬಳಿ ಒಂದು ಗಳಿಗೆ ನಿಂತು ಹೋಗಬೇಕು.